ಕಲಬುರಗಿಯಾಗ ಕುಂತು ಅಮೆರಿಕಾದ ಹಳೀ ಕಾಗದ ಓದೋದು ಹೆಂಗ

ನಾ ಇಲ್ಲಿ ಕಲಬುರಗಿಯಾಗ ಡಿಗ್ರಿ ಹುಡುಗರಿಗಿ ಹಿಸ್ಟರಿ ಹೇಳ್ತೀನಿ, ಅದರಾಗ ಅಮೆರಿಕಾ ಇತಿಹಾಸದ್ದೂ ಒಂದು ಪೇಪರ್ ಅದ. ಭಾಳ ವರ್ಷ ನಾ ಕ್ಲಾಸಿನಾಗ ಒಂದು ಸಾಲು ಬರೆಸ್ತಿದ್ದೆ, 1863ರ ಜನವರಿ 1ಕ್ಕ ಲಿಂಕನ್ ಅಮೆರಿಕಾದಾಗ ಗುಲಾಮಗಿರಿ ಪೂರಾ ತೆಗೆದು ಹಾಕಿದ, ಅಂತ. ನನಗ ಕಲಿಸಿದವರೂ ಹಂಗೇ ಬರೆಸಿದ್ರು, ನಾನೂ ಹಂಗೇ ಬರೆಸಿದೆ, ಹುಡುಗರೂ ಪರೀಕ್ಷಾದಾಗ ಅದನ್ನೇ ಬರ್ದು ಮಾರ್ಕ್ಸ್ ತಗೊಂಡು ಹೋದ್ರು. ಒಂದಿನ ಶಹಾಪುರ ಕಡಿಂದ ಬರೋ ಒಬ್ಬಾಕಿ ಹುಡುಗಿ ಎದ್ದು ನಿಂತು, ಸರ್ ಆ ಆರ್ಡರ್ ಈಗ ಎಲ್ಲಿ ಅದ, ಅದರಾಗ ಖರೇನೇ ಏನ್ ಬರ್ದಾರ, ನಮಗ ನೋಡ್ಲಾಕ ಸಿಗ್ತದೇನ್ರಿ ಅಂದ್ಳು. ನನ್ನ ಹತ್ರ ಉತ್ತರ ಇದ್ದಿದ್ದಿಲ್ಲ, ಯಾಕಂದ್ರ ಅಲ್ಲಿ ತನಕ ನಾ ಅದನ್ನ ಓದೇ ಇದ್ದಿದ್ದಿಲ್ಲ.

ಅವತ್ತು ಸಂಜೀಕ ಮನಿಗಿ ಬಂದು ಫೋನಿನಾಗ ಹುಡುಕಿದೆ. ವಾಷಿಂಗ್ಟನ್‌ನಾಗ ನ್ಯಾಷನಲ್ ಆರ್ಕೈವ್ಸ್ ಅಂತ ಅದ, ಅಲ್ಲಿನ ಸರ್ಕಾರದ ಹಳೀ ದಫ್ತರೆಲ್ಲ ಇಡೋ ಜಾಗ, ಅವರ ವೆಬ್‌ಸೈಟಿನಾಗ ಐದೂ ಪುಟದ ಫೋಟೋ ಇತ್ತು, ಕೈಬರಹದ್ದು, ಜೊತಿಗಿ ಅದನ್ನೇ ಟೈಪ್ ಮಾಡಿ ಹಾಕಿದ್ದೂ ಇತ್ತು. ರೊಕ್ಕ ಇಲ್ಲ, ಲಾಗಿನ್ ಇಲ್ಲ, ಏನಿಲ್ಲ. ಓದ್ಲಾಕ ಕುಂತ್ರ ನನಗ ಗಾಬರಿ ಆಯ್ತು. ಆಗ ಅಲ್ಲಿ ಸಿವಿಲ್ ವಾರ್, ಅಂದ್ರ ದೇಶದೊಳಗಿನ ಯುದ್ಧ ನಡೆದಿತ್ತು. ಬಂಡೆದ್ದ 10 ರಾಜ್ಯಗಳ ಹೆಸರು ಸಾಲಾಗಿ ಬರ್ದಾರ, ಆ ರಾಜ್ಯಗಳಾಗಿನ ಗುಲಾಮರಿಗಿ ಅಷ್ಟೇ ಬಿಡುಗಡಿ ಅಂತ. ಅದರಾಗೂ ಲೂಯಿಸಿಯಾನಾದ 13 ಪ್ಯಾರಿಷ್ ಬಿಟ್ಟು, ಅಂದ್ರ ನಮ್ಮ ಜಿಲ್ಲಾ ಇದ್ದಂಗ ಅವು, ವೆಸ್ಟ್ ವರ್ಜೀನಿಯಾ ಅಂತ ಆಗ್ಲಾಕತ್ತಿದ್ದ 48 ಕೌಂಟಿ ಬಿಟ್ಟು, ವರ್ಜೀನಿಯಾದಾಗ ಇನ್ನೂ 7 ಕೌಂಟಿ ಬಿಟ್ಟು. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲಾವೇರ್ ಇವು ಲಿಂಕನ್ ಕಡೀನೇ ಇದ್ದ ರಾಜ್ಯ, ಅಲ್ಲೂ ಗುಲಾಮರಿದ್ರು, ಅವುಗಳ ಹೆಸರೇ ಆ ಕಾಗದದಾಗ ಇಲ್ಲ. ಇಡೀ ದೇಶಕ್ಕ ಗುಲಾಮಗಿರಿ ಬಂದ್ ಆಗಿದ್ದು ಅಲ್ಲಿನ ಸಂವಿಧಾನದ 13ನೇ ತಿದ್ದುಪಡಿಯಿಂದ, 1865ರ ಡಿಸೆಂಬರ್‌ನಾಗ. ಹಂಗಂತ 1863ರ ಆ ಕಾಗದ ಸಣ್ಣದೇನಲ್ಲ, ಅದರಾಗೇ ಕರಿಯ ಗಂಡಸರು ಫೌಜಿಗಿ ಸೇರಬಹುದು ಅಂತ ಒಂದು ಮಾತು ಅದ, ಯುದ್ಧ ಮುಗಿಯೋದ್ರಾಗ ಸುಮಾರು 1,79,000 ಕರಿಯ ಸೈನಿಕರು ಯೂನಿಯನ್ ಸೈನ್ಯದಾಗ, ಅಂದ್ರ ಲಿಂಕನ್ ಕಡಿ ಸೈನ್ಯದಾಗ, ಸೇವಾ ಮಾಡಿದ್ರು. ಈ ಮಾತೂ ನನ್ನ ನೋಟ್ಸಿನಾಗ ಇದ್ದಿದ್ದಿಲ್ಲ. ಮರುದಿನ ಕ್ಲಾಸಿಗಿ ಹೋಗಿ, ನಾ ಬರೆಸಿದ್ದು ತಪ್ಪದ, ಹೊಡ್ದು ಹಾಕ್ರಿ ಅಂತ ಹೇಳಿದೆ.

ಅವತ್ತಿಂದ ನಾ ಹುಡುಗರಿಗಿ ಮೂಲ ಕಾಗದ ಓದಿಸ್ಲಾಕತ್ತೀನಿ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಹುಡುಗರು, ಹಿಸ್ಟರಿ ಇಷ್ಟ ಇರೋ ಯಾರೇ ಆಗ್ಲಿ, ಇದನ್ನ ಹೆಂಗ ಮಾಡಬೇಕು ಅನ್ನೋದು ನನಗ ತಿಳ್ದಷ್ಟು ಇಲ್ಲಿ ಬರೀತೀನಿ.

ಪ್ರೈಮರಿ ಸೋರ್ಸ್ ಅನ್ನೋ ಮಾತಿಗಿ ಹೆದರಬ್ಯಾಡ್ರಿ. ನಮ್ಮ ಭಾಗದಾಗ ಎಷ್ಟೋ ಮನ್ಯಾಗ ಅಜ್ಜನ ಟ್ರಂಕಿನಾಗ ನಿಜಾಮ್ ಕಾಲದ ಉರ್ದು ಕಾಗದ ಇರ್ತಾವ, ಹೊಲದ್ದೋ ಮನೀದೋ. ಆ ಹೊಲದ ಬಗ್ಗೆ ಕಾಕಾ ಒಂದು ಕತಿ ಹೇಳ್ತಾನ, ದೊಡ್ಡಪ್ಪ ಒಂದು ಹೇಳ್ತಾನ, ಆದ್ರ ತಕರಾರು ಬಂದಾಗ ತಹಶೀಲ್ ಆಫೀಸಿನಾಗ ಕೇಳೋದು ಆ ಕಾಗದನೇ. ಆ ಕಾಲದಾಗ ಅಲ್ಲೇ ಇದ್ದವರು ಬರ್ದಿದ್ದು, ತೆಗ್ದಿದ್ದು, ಹೇಳಿದ್ದು, ಇದೇ ಪ್ರೈಮರಿ ಸೋರ್ಸ್. ಪತ್ರ, ಡೈರಿ, ಫೋಟೋ, ನ್ಯೂಸ್ ಪೇಪರ್, ಕೋರ್ಟಿನ ತೀರ್ಪು, ಜನಗಣತಿ ಹಾಳಿ, ನಕಾಶೆ ಎಲ್ಲಾ ಬರ್ತದ. ನಾವು ಓದೋ ಗೈಡು ಅಂದ್ರ ಅದನ್ನ ಓದಿದವರು ಬರ್ದಿದ್ದನ್ನ ಓದಿ ಮತ್ತೊಬ್ಬರು ಬರ್ದಿದ್ದು.

ಎಲ್ಲಿಗಿ ಹೋಗಬೇಕು ಅಂದ್ರ, ಸುರುವಿಗಿ ಎರಡೇ ಜಾಗ ಸಾಕು. ಒಂದು ಈಗ ಹೇಳಿದ ನ್ಯಾಷನಲ್ ಆರ್ಕೈವ್ಸ್, ಸರ್ಕಾರದ ಕಾಗದಪತ್ರಕ್ಕ. ಅವರದೇ ಡಾಕ್ಸ್‌ಟೀಚ್ ಅಂತ ಒಂದು ಸೈಟ್ ಅದ, ಸಾಲಿ ಕಾಲೇಜಿನವರಿಗಿ ಅಂತ ಆರಿಸಿ ಇಟ್ಟಿರೋ ದಾಖಲೆ ಅಲ್ಲಿ ಸಿಗ್ತಾವ, ಹೊಸಬರಿಗಿ ಅದೇ ಛಲೋ. ಇನ್ನೊಂದು ಲೈಬ್ರರಿ ಆಫ್ ಕಾಂಗ್ರೆಸ್, 1800ರಾಗ ಸುರು ಆಗಿದ್ದು, ಮಂದಿ ಬರ್ದ ಪತ್ರ, ಫೋಟೋ, ಪೇಪರ್, ನಕಾಶೆ ಇವಕ್ಕ. ಗೂಗಲ್‌ನಾಗ ಈ ಹೆಸರು ಹಾಕಿ ಸೈಟಿನ ಒಳಗ ಹೋಗಿ ಆಮ್ಯಾಲ ಹುಡುಕ್ರಿ, ಸೀದಾ ಗೂಗಲ್‌ನಾಗ ವಿಷಯ ಹಾಕಿದ್ರ ಯಾರ್ಯಾರೋ ಲಿಂಕನ್ ಹಂಗಂದ ಜೆಫರ್ಸನ್ ಹಿಂಗಂದ ಅಂತ ಫೋಟೋದ ಮ್ಯಾಲ ಬರ್ದ ಮಾತೇ ಮೊದ್ಲು ಬರ್ತಾವ. ಅಮೆರಿಕಾ ಸ್ವಾತಂತ್ರ್ಯದ ಕಾಲದ ನಾಯಕರು ವಾಷಿಂಗ್ಟನ್, ಜೆಫರ್ಸನ್, ಆಡಮ್ಸ್, ಫ್ರಾಂಕ್ಲಿನ್ ಇವರ ಪತ್ರ ಬೇಕಂದ್ರ ಫೌಂಡರ್ಸ್ ಆನ್‌ಲೈನ್ ನೋಡ್ರಿ, ಎಲ್ಲಾ ಟೈಪ್ ಮಾಡಿಟ್ಟಾರ, ಕೈಬರಹದ ತ್ರಾಸಿಲ್ಲ. ಡಿಜಿಟಲ್ ಪಬ್ಲಿಕ್ ಲೈಬ್ರರಿ ಆಫ್ ಅಮೆರಿಕಾ ಅಂತ 2013ರಾಗ ಬಂದಿದ್ದು ಒಂದದ, ಸಣ್ಣ ಸಣ್ಣ ಊರಿನ ಲೈಬ್ರರಿ, ಮ್ಯೂಸಿಯಂಗಳ ವಸ್ತು ಒಂದೇ ಕಡೆ ಹುಡುಕ್ಲಾಕ ಅದು ಬರ್ತದ.

ಈಗ ಹುಡುಕೋದು. ನಮ್ಮ ಹುಡುಗರು ಮೊದಲ ದಿನ ಮಾಡೋದೇನಂದ್ರ ಸಿವಿಲ್ ವಾರ್ ಅಂತ ಹೊಡೀತಾರ, ರಾಶಿಗಟ್ಲೆ ರಿಸಲ್ಟ್ ಬರ್ತಾವ, ನೋಡಿ ಫೋನ್ ಕೆಳಗಿಡ್ತಾರ. ಹಂಗ ಆಗಲ್ಲ. ಸಣ್ಣ ಪ್ರಶ್ನಾ ಹಿಡೀರಿ, ಒಂದು ಮನಷ್ಯಾ, ಒಂದು ತಿಂಗಳು, ಒಂದು ಊರು, ಅಷ್ಟೇ. ಲಿಂಕನ್ ಗುಲಾಮಗಿರಿ ಬಗ್ಗೆ ಏನಂತಿದ್ದ ಅನ್ನೋದು ದೊಡ್ಡ ಪ್ರಶ್ನಾ. 1862ರ ಜುಲೈ ಆಗಸ್ಟ್‌ನಾಗ ಲಿಂಕನ್ ಏನು ಬರ್ದ ಅನ್ನೋದು ಕೈಯಾಗ ಹಿಡಿಯೋವಂಥ ಪ್ರಶ್ನಾ.

ಇದನ್ನೇ ಒಂದ್ಸಲ ಪೂರಾ ಮಾಡಿ ತೋರಿಸ್ತೀನಿ, ಯಾಕಂದ್ರ ನನಗ ಭಾಳ ಕಲಿಸಿದ್ದು ಇದೇ. 1862ರ ಆಗಸ್ಟ್ 20ಕ್ಕ ನ್ಯೂಯಾರ್ಕ್ ಟ್ರಿಬ್ಯೂನ್ ಪೇಪರಿನ ಸಂಪಾದಕ ಹೊರೇಸ್ ಗ್ರೀಲಿ ಲಿಂಕನ್‌ಗ ಬರ್ದ ಒಂದು ಬಹಿರಂಗ ಪತ್ರ ಅಚ್ಚು ಹಾಕಿದ, ನೀವು ಗುಲಾಮಗಿರಿ ವಿಷಯದಾಗ ಮೆತ್ತಗಾಗೀರಿ ಅಂತ ಸಿಟ್ಟಿಲೆ ಕೇಳಿದ್ದ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹಳೀ ಪೇಪರ್ ಸಂಗ್ರಹ ಕ್ರಾನಿಕ್ಲಿಂಗ್ ಅಮೆರಿಕಾ ಅಂತ ಅದ, ಅಲ್ಲಿ ಟ್ರಿಬ್ಯೂನ್ ಸಿಗ್ತದ, ತಾರೀಖು ಹಾಕಿದ್ರ ಆಯ್ತು. ಎರಡು ದಿನ ಬಿಟ್ಟು, ಆಗಸ್ಟ್ 22ಕ್ಕ, ಲಿಂಕನ್ ಉತ್ತರ ಬರ್ದ. ಅದರಾಗ ಅವ ಹೇಳಿದ್ದು, ನನ್ನ ಗುರಿ ದೇಶ ಒಂದಾಗಿ ಉಳಿಸೋದು, ಒಬ್ಬ ಗುಲಾಮನ್ನೂ ಬಿಡಿಸದೇ ದೇಶ ಉಳೀತದಂದ್ರ ಹಂಗ ಮಾಡ್ತೀನಿ, ಎಲ್ಲಾರನ್ನೂ ಬಿಡಿಸಿದ್ರ ಉಳೀತದಂದ್ರ ಹಂಗ ಮಾಡ್ತೀನಿ, ಅಂತ. ಈ ಒಂದು ಪತ್ರ ಓದಿ ಕೈ ಬಿಟ್ರ ನೀವೇನಂತೀರಿ, ಅವನಿಗಿ ಗುಲಾಮರ ಚಿಂತಿನೇ ಇದ್ದಿದ್ದಿಲ್ಲ ಅಂತೀರಿ. ನನ್ನ ಹುಡುಗರೂ ಹಂಗೇ ಅಂದ್ರು. ಆದ್ರ ಲಿಂಕನ್ ಪೇಪರ್ಸ್ ಅಂತ ಅದೇ ಲೈಬ್ರರಿಯಾಗ ಅದ, ಅಲ್ಲಿ ಜುಲೈ 22ರ ಒಂದು ಕಾಗದ ತೆಗೀರಿ. ಬಿಡುಗಡಿ ಘೋಷಣೆಯ ಮೊದಲನೇ ಕರಡು ಅದು, ಲಿಂಕನ್ ತನ್ನ ಕೈಲೇ ಬರ್ದಿದ್ದು, ಅವತ್ತು ಮಂತ್ರಿಗಳ ಮುಂದ ಓದಿದ್ದು. ಅಂದ್ರ ಗ್ರೀಲಿಗಿ ಉತ್ತರ ಬರಿಯೋದಕ್ಕ ಒಂದು ತಿಂಗಳು ಮೊದ್ಲೇ ಕರಡು ತಯಾರಿತ್ತು! ಈಗ ಅದೇ ಆಗಸ್ಟ್ ಪತ್ರ ಮತ್ತ ಓದ್ರಿ, ಬ್ಯಾರೆನೇ ಕಾಣ್ತದ, ಮುಂದ ಮಾಡಬೇಕಂತ ಇರೋ ಕೆಲಸಕ್ಕ ಮಂದೀನ ತಯಾರು ಮಾಡ್ಲಾಕತ್ತಾನೇನು ಅನ್ನಿಸ್ತದ. ಒಂದೇ ಕಾಗದ ನಂಬಿ ತೀರ್ಪು ಕೊಡಬ್ಯಾಡ್ರಿ ಅಂತ ನಾ ನೂರು ಸಲ ಹೇಳಿದ್ರೂ ಹತ್ತಿದ್ದಿಲ್ಲ, ಈ ಎರಡು ತಾರೀಖು ಬೋರ್ಡಿನ ಮ್ಯಾಲ ಬರ್ದ ಮ್ಯಾಲ ಹತ್ತಿತು.

ಪತ್ರ ಸಿಕ್ಕರ ಅದರ ಜೋಡಿ ಹುಡುಕ್ರಿ, ಅಂದ್ರ ಅದು ಯಾವುದಕ್ಕ ಉತ್ತರ, ಅದಕ್ಕ ಯಾರು ಉತ್ತರ ಬರ್ದಾರ ಅಂತ. 1776ರ ಮಾರ್ಚ್ 31ಕ್ಕ ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್ ಆಡಮ್ಸ್‌ಗ ಬರೀತಾಳ, ಹೊಸ ಕಾನೂನು ಮಾಡೋವಾಗ ಹೆಂಗಸರನ್ನ ಮರೀಬ್ಯಾಡ್ರಿ, ಗಂಡಂದಿರ ಕೈಯಾಗ ಮಿತಿಯಿಲ್ಲದ ಅಧಿಕಾರ ಕೊಡಬ್ಯಾಡ್ರಿ ಅಂತ. ಇದು ಎಲ್ಲಾ ಗೈಡಿನಾಗ ಇರ್ತದ. ಏಪ್ರಿಲ್ 14ಕ್ಕ ಅವ ಬರ್ದ ಉತ್ತರ ಭಾಳ ಮಂದಿ ಓದಿರಲ್ಲ, ಅದರಾಗ ಅವ ಆ ಮಾತಿಗಿ ನಕ್ಕು ಬಿಟ್ಟಾನ. ಎರಡೂ ಫೌಂಡರ್ಸ್ ಆನ್‌ಲೈನ್‌ನಾಗ ಅವ, ಆಜು ಬಾಜು ಇಟ್ಕೊಂಡು ಓದ್ರಿ.

ಇನ್ನ ನಮಗ ಹತ್ರದ ಜೋಡಿ ಒಂದದ. ಏಪ್ರಿಲ್ 14ಕ್ಕ ನಮ್ಮ ಜಗತ್ ಸರ್ಕಲ್‌ನಾಗ ಎಷ್ಟು ಮಂದಿ ಕೂಡ್ತಾರ ನಿಮಗ ಗೊತ್ತದ. ಬಾಬಾಸಾಹೇಬರು 1913ರಾಗ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗಿ ಓದ್ಲಾಕ ಹೋದ್ರು ಅನ್ನೋದೂ ಗೊತ್ತದ. ಅವರು 1946ರಾಗ ಅಮೆರಿಕಾದ ಕರಿಯರ ದೊಡ್ಡ ವಿದ್ವಾಂಸ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗಿ ಬರ್ದ ಪತ್ರ ನೀವು ಫೋನಿನಾಗೇ ನೋಡಬಹುದು. ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ, ಆಮ್ಹರ್ಸ್ಟ್‌ನಾಗಿಂದು, ಡು ಬಾಯ್ಸ್ ಅವರ ಕಾಗದಪತ್ರ ಎಲ್ಲಾ ಸ್ಕ್ಯಾನ್ ಮಾಡಿ ಕ್ರೆಡೋ ಅನ್ನೋ ಸೈಟಿನಾಗ ಇಟ್ಟಾರ, ಹುಡುಕೋ ಪಟ್ಟಿಯಾಗ ಅಂಬೇಡ್ಕರ್ ಅಂತ ಹಾಕಿದ್ರ ಬರ್ತದ. ಪತ್ರ ಸಣ್ಣದೇ. ನಾ ನಿಮ್ಮ ಬರಹ ಓದೀನಿ, ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕಾದ ಕರಿಯರ ಸ್ಥಿತಿಗೂ ಭಾಳ ಹೋಲಿಕಿ ಅದ, ಅದಕ್ಕ ಅದನ್ನ ಅಭ್ಯಾಸ ಮಾಡೋದು ಸಹಜ ಅಷ್ಟೇ ಅಲ್ಲ, ಜರೂರಿ ಅದ ಅಂತ ಬರೀತಾರ. ಆಮ್ಯಾಲ, ಕರಿಯರು ವಿಶ್ವಸಂಸ್ಥೆಗಿ ಅರ್ಜಿ ಕೊಟ್ಟಾರಂತ ಓದಿದೆ, ನಾವೂ ಹಂಗ ವಿಚಾರ ಮಾಡ್ಲಾಕತ್ತೀವಿ, ಆ ಅರ್ಜಿದು ಎರಡು ಮೂರು ಪ್ರತಿ ಕಳಿಸ್ತೀರೇನು ಅಂತ ಕೇಳ್ತಾರ. ಜುಲೈ 31ಕ್ಕ ಡು ಬಾಯ್ಸ್ ಉತ್ತರ ಬರೀತಾರ, ನಿಮ್ಮ ಹೆಸರು ನಿಮ್ಮ ಕೆಲಸ ಗೊತ್ತದ, ಭಾರತದ ಅಸ್ಪೃಶ್ಯರ ಬಗ್ಗೆ ನನಗ ಪೂರಾ ಸಹಾನುಭೂತಿ ಅದ, ಅರ್ಜಿ ಕಳಿಸ್ಲಾಕತ್ತೀನಿ, ಇನ್ನೂ ದೊಡ್ಡದೊಂದು ಅರ್ಜಿ ಬರೋ ಸಾಧ್ಯತೆ ಅದ ಅಂತ. ಆ ದೊಡ್ಡ ಅರ್ಜಿ 1947ರ ಅಕ್ಟೋಬರ್‌ನಾಗ ವಿಶ್ವಸಂಸ್ಥೆಗಿ ಹೋಯ್ತು. ಈ ಎರಡು ಪತ್ರ ಕ್ಲಾಸಿನಾಗ ಓದಿದ ದಿನ ಯಾರೂ ಬೆಲ್ ಹೊಡೆದ್ರೂ ಏಳಲಿಲ್ಲ.

ಇದೇ ಪತ್ರದಾಗ ಒಂದು ಕಸಬಿನ ಮಾತು ಕಲೀರಿ. ಕ್ಯಾಟಲಾಗಿನಾಗ ಬಾಬಾಸಾಹೇಬರ ಪತ್ರದ ತಾರೀಖಿನ ಮುಂದ ಸಿರ್ಕಾ ಅಂತ ಸಣ್ಣ ಗುರುತು ಹಾಕ್ಯಾರ, ಅಂದ್ರ ಹೆಚ್ಚು ಕಡಿಮಿ ಜುಲೈ, ಇಂಥಾ ದಿನನೇ ಅಂತ ಹೇಳ್ಲಾಕ ಬರಲ್ಲ. ಉತ್ತರಕ್ಕ ತಾರೀಖದ, ಅದರ ಹಿಂದ ಇದು ಬಂದಿರಬೇಕು. ಕ್ಯಾಟಲಾಗ್ ಬರ್ದವರು ಹಿಂಗ ಅಂದಾಜು ಮಾಡಿರ್ತಾರ, ಹಂಗಾಗಿ ಫೋಟೋ ಅಷ್ಟೇ ನೋಡಿ ಹೋಗಬ್ಯಾಡ್ರಿ, ಅದರ ತೆಳಗಿನ ವಿವರ ಪೂರಾ ಓದ್ರಿ. ಯಾರು ಬರ್ದಿದ್ದು, ಯಾರಿಗಿ, ಯಾವ ಸಂಗ್ರಹ, ಯಾವ ಡಬ್ಬಿ, ಯಾವ ಫೋಲ್ಡರ್, ಎಲ್ಲಾ ಅಲ್ಲೇ ಇರ್ತದ.

ಹಳೀ ನ್ಯೂಸ್ ಪೇಪರಿಗಿ ಬರೋಣ. ಕ್ರಾನಿಕ್ಲಿಂಗ್ ಅಮೆರಿಕಾದಾಗ 1756ರಿಂದ 1963ರ ತನಕದ ಪೇಪರ್ ಅವ, ಎಲ್ಲಾ ಊರಿಂದೂ ಎಲ್ಲಾ ವರ್ಷದ್ದೂ ಇಲ್ಲ, ಆದ್ರ ರಾಶಿ ರಾಶಿ ಅವ. ಇಲ್ಲಿ ಹುಡುಕೋವಾಗ ಒಂದು ನೆನಪಿಡ್ರಿ, ನಮ್ಮ ಕಾಲದ ಶಬ್ದ ಹಾಕಿದ್ರ ಸಿಗಲ್ಲ, ಆ ಕಾಲದ ಶಬ್ದ ಹಾಕಬೇಕು. ಇಂಡಿಯನ್ ಅಂತ ಹಾಕಿದ್ರ ಅಲ್ಲಿನ ಮೂಲನಿವಾಸಿಗಳ ಸುದ್ದಿ ಬರ್ತದ. ನಮ್ಮ ದೇಶದವರು ಸಿಖ್ಖರಿರ್ಲಿ ಮುಸಲ್ಮಾನರಿರ್ಲಿ, ಎಲ್ಲಾರಿಗೂ ಅವರು ಹಿಂದೂ ಅಂತಿದ್ರು, ಅದರ ಸ್ಪೆಲಿಂಗೂ ಎರಡು ಥರ, ಒಂದು ಯು ಹಾಕಿ, ಒಂದು ಎರಡು ಓ ಹಾಕಿ. ಎರಡೂ ಹಾಕಿ ನೋಡ್ರಿ. ಕರಿಯರ ಬಗ್ಗೆ ಹುಡುಕೋವಾಗ ನೀಗ್ರೋ, ಕಲರ್ಡ್ ಅಂತ ಹಾಕಬೇಕಾಗ್ತದ, ಹುಡುಕ್ಲಾಕ ಅಷ್ಟೇ, ನಾವು ಬರಿಯೋವಾಗ ಆ ಶಬ್ದ ನಮ್ಮ ಮಾತಾಗಿ ಬಳಸಬ್ಯಾಡ್ರಿ.

ಪ್ರಯತ್ನಕ್ಕ ಇದನ್ನ ಮಾಡ್ರಿ. 1907ರ ಸೆಪ್ಟೆಂಬರ್ ತಿಂಗಳು ಅಂತ ತಾರೀಖು ಕಟ್ಟಿ, ಬೆಲ್ಲಿಂಗ್‌ಹ್ಯಾಮ್ ಮತ್ತ ಹಿಂದೂ ಅಂತ ಹಾಕ್ರಿ. ಬೆಲ್ಲಿಂಗ್‌ಹ್ಯಾಮ್ ಅಂದ್ರ ವಾಷಿಂಗ್ಟನ್ ರಾಜ್ಯದಾಗಿನ ಒಂದು ಊರು, ಕೆನಡಾ ಗಡಿ ಹತ್ರ, ಅಲ್ಲಿ ಕಟ್ಟಿಗಿ ಕೊರಿಯೋ ಮಿಲ್ಲಿನಾಗ ಪಂಜಾಬಿನಿಂದ ಹೋದವರು ಕೆಲಸ ಮಾಡ್ತಿದ್ರು, ಹೆಚ್ಚಿನವರು ಸಿಖ್ಖರು. ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿ ಮಂದಿ ಕೂಡಿ ಅವರು ಮಲಗೋ ಜಾಗಕ್ಕ ನುಗ್ಗಿ ಹೊಡ್ದು ಬಡ್ದು ಊರು ಬಿಡಿಸಿದ್ರು. ಈ ಸುದ್ದಿ ಬ್ಯಾರೆ ಬ್ಯಾರೆ ಊರಿನ ಪೇಪರಿನಾಗ ಹೆಂಗ ಬಂದದ ಅಂತ ಹೋಲಿಸಿ ನೋಡ್ರಿ. ಹೆಡ್‌ಲೈನಿನಾಗ ಯಾವ ಶಬ್ದ ಹಾಕ್ಯಾರ, ಹೊಡಿಸಿಕೊಂಡವರ ಪೈಕಿ ಒಬ್ಬನ ಮಾತಾದ್ರೂ ಅದರಾಗ ಅದನ, ಮಿಲ್ ಮಾಲಕರ ಮಾತು ಎಷ್ಟು ಸಾಲು ಅದ. ಪೆನ್ಸಿಲ್ ಹಿಡ್ಕೊಂಡು ಸಾಲು ಎಣಿಸ್ರಿ, ಖರೇನೇ ಹೇಳ್ತೀನಿ, ಎಣಿಸಿದ್ರ ತಿಳೀತದ. ಮುಂದ 1923ರ ಫೆಬ್ರುವರಿ 19ಕ್ಕ ಅಲ್ಲಿನ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅನ್ನೋರ ಕೇಸಿನಾಗ, ಭಾರತದವರು ಕಾನೂನಿನ ಪ್ರಕಾರ ಬಿಳಿಯರಲ್ಲ, ಅವರಿಗಿ ನಾಗರಿಕತ್ವ ಇಲ್ಲ ಅಂತ ತೀರ್ಪು ಕೊಡ್ತು. ಥಿಂಡ್ ಅಮೆರಿಕಾದ ಫೌಜಿನಾಗ ಇದ್ದವರು, ಆದ್ರೂ. ತೀರ್ಪು ಆನ್‌ಲೈನ್ ಸಿಗ್ತದ, ಅಂದಿನ ಪೇಪರೂ ಸಿಗ್ತಾವ. ಸೌತ್ ಏಷಿಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಅಂತ 2008ರಾಗ ಸುರು ಆಗಿದ್ದದ, ಅಲ್ಲಿ ನಮ್ಮ ಕಡಿಂದ ಹೋದ ಮಂದಿದೇ ಪತ್ರ, ಫೋಟೋ, ಪತ್ರಿಕಾ ಅವ, ಪೇಪರಿನಾಗ ಬರದೇ ಇದ್ದ ಮಾತು ಅಲ್ಲಿ ಹುಡುಕ್ರಿ. ಇವತ್ತು ನಮ್ಮ ಊರಿಂದ ಎಷ್ಟು ಹುಡುಗರು ಅಲ್ಲಿಗಿ ಸಾಫ್ಟ್‌ವೇರ್ ಕೆಲಸಕ್ಕ ಹೊಂಟಾರ, ಅವರ ಮನಿಯವರಿಗಿ ಈ ಕತಿ ಗೊತ್ತಿರಬೇಕು ಅನ್ನಿಸ್ತದ ನನಗ.

ಪೇಪರ್ ಹುಡುಕೋವಾಗ ಸಿಗಬೇಕಾದ್ದು ಸಿಗಲಿಲ್ಲಂದ್ರ ಇಲ್ಲೇ ಇಲ್ಲ ಅಂತ ತಿಳೀಬ್ಯಾಡ್ರಿ. ಹಳೀ ಅಚ್ಚನ್ನ ಮಷೀನ್ ಓದಿರ್ತದ, ಮಸಿ ಹರಡಿದಲ್ಲಿ, ಹಾಳಿ ಮಡಚಿದಲ್ಲಿ ತಪ್ಪು ಓದಿರ್ತದ. 1700ರ ಕಾಲದ ಅಚ್ಚಿನಾಗ ಎಸ್ ಅಕ್ಷರ ಉದ್ದಕ್ಕ ಇರ್ತಿತ್ತು, ನೋಡ್ಲಾಕ ಎಫ್ ಇದ್ದಂಗ, ಮಷೀನಿಗಷ್ಟೇ ಅಲ್ಲ ನಮ್ಮ ಕಣ್ಣಿಗೂ ಮೋಸ ಆಗ್ತದ. ಹಂಗಾಗಿ ಒಂದು ಶಬ್ದ ಬಿಟ್ಟು ಇನ್ನೊಂದು ಹಾಕ್ರಿ, ಹೆಸರು ಬಿಟ್ಟು ಊರು ಹಾಕ್ರಿ, ಅದೂ ಆಗಲಿಲ್ಲಂದ್ರ ತಾರೀಖು ಹಿಡ್ಕೊಂಡು ಒಂದೊಂದೇ ಪುಟ ತಿರುವ್ರಿ. ಪುಟ ತಿರುವೋವಾಗ ಪಕ್ಕದ ಜಾಹೀರಾತು, ಕಾಳಿನ ರೇಟು, ಸತ್ತವರ ಸುದ್ದಿ ಕಣ್ಣಿಗಿ ಬೀಳ್ತಾವಲ್ಲ, ಆ ಕಾಲ ತಿಳಿಯೋದು ಅದರಿಂದನೇ.

ಇನ್ನ ಗುಲಾಮರಾಗಿದ್ದವರ ಸ್ವಂತ ಮಾತು. 1936ರಿಂದ 1938ರ ತನಕ ಅಮೆರಿಕಾ ಸರ್ಕಾರ ನಿರುದ್ಯೋಗಿ ಲೇಖಕರಿಗಿ ಕೆಲಸ ಕೊಡೋ ಯೋಜನಾದಾಗ, ಗುಲಾಮಗಿರಿ ಕಂಡು ಬದುಕಿ ಉಳಿದ ಮುದುಕ ಮುದುಕಿಯರ ಹತ್ರ ಕಳಿಸಿ ಅವರ ಮಾತು ಬರೆಸಿತು. 2,300ಕ್ಕಿಂತ ಹೆಚ್ಚು ಮಂದಿದು ಅದ, 500 ಫೋಟೋ ಅವ, ಲೈಬ್ರರಿ ಆಫ್ ಕಾಂಗ್ರೆಸ್‌ನಾಗ ಬಾರ್ನ್ ಇನ್ ಸ್ಲೇವರಿ ಅಂತ ಹಾಕಿದ್ರ ಬರ್ತದ. ಹತ್ತಿ ಹೊಲದ್ದು, ಸಂಜೀಕ ಬಿಡಿಸಿದ ಹತ್ತಿ ತೂಗಿ ಕಡಿಮಿ ಬಿದ್ರ ಹೊಡಿಯೋದು, ಅವ್ವನ್ನ ಒಂದು ಕಡೆ ಮಕ್ಕಳನ್ನ ಒಂದು ಕಡೆ ಮಾರಿದ್ದು, ಎಲ್ಲಾ ಬರ್ತದ. ಆದ್ರ ಓದೋವಾಗ ಎಚ್ಚರ ಬೇಕು. ಕೇಳ್ಲಾಕ ಹೋದವರು ಹೆಚ್ಚಿನವರು ಬಿಳಿಯರು, ಅದೇ ಊರಿನವರು, ಕೆಲವು ಕಡೆ ಹಳೀ ಮಾಲಕರ ಸಂಬಂಧಿಕರು. ಹೇಳಿದವರು ಆಗ 80, 90 ವಯಸ್ಸಿನವರು, ಗುಲಾಮಗಿರಿ ಇದ್ದಾಗ ಸಣ್ಣ ಮಕ್ಕಳು. ಅದು ಬರಗೆಟ್ಟ ಕಾಲ, ಬಂದವರು ಸರ್ಕಾರದವರು, ಪೆನ್ಷನ್ ಏನರ ಸಿಗ್ತದೇನೋ ಅನ್ನೋ ಆಸೆ ಕೆಲವರಿಗಿ ಇತ್ತು. ಇಂಥಾದ್ರಾಗ ನಮ್ಮ ಮಾಲಕರು ಛಲೋ ಇದ್ರು ಅಂತ ಒಬ್ಬರು ಹೇಳಿದ್ರ ಅದನ್ನ ಹೆಂಗ ಓದಬೇಕು. ನಮ್ಮ ಊರಾಗ ಗೌಡರ ಮಗ ಬಂದು ನಮ್ಮಪ್ಪ ಹೆಂಗಿದ್ದ ಅಂತ ಕೇಳಿದ್ರ ಕೂಲಿ ಮಾಡಿದ ಮುದುಕ ಏನ್ ಹೇಳ್ತಾನ, ಅದನ್ನ ನೆನಸಿಕೊಳ್ರಿ, ಅರ್ಥ ಆಗ್ತದ. ಇನ್ನೊಂದು, ಅವರ ಮಾತಿನ ಧಾಟಿ ಅಂತ ಬರೆದವರು ತಮಗ ಕೇಳಿಸಿದಂಗ ಸ್ಪೆಲಿಂಗ್ ಒಡ್ದು ಬರ್ದಾರ, ಅದನ್ನ ಜೋರಾಗಿ ಓದಿದ್ರ ಮಾತ್ರ ಶಬ್ದ ಹೊಳೀತದ.

ಇದಕ್ಕಿಂತ ಸಣ್ಣದು, ಆದ್ರ ನನಗ ಇದಕ್ಕಿಂತ ಭಾರ ಅನ್ನಿಸಿದ್ದು ಒಂದದ. ವಿಲ್ಲನೋವಾ ಯೂನಿವರ್ಸಿಟಿಯವರು ಲಾಸ್ಟ್ ಸೀನ್ ಅಂತ ಒಂದು ಸಂಗ್ರಹ ಮಾಡ್ಯಾರ. ಬಿಡುಗಡಿ ಆದ ಮ್ಯಾಲ ಕರಿಯರು ಪೇಪರಿನಾಗ ಜಾಹೀರಾತು ಕೊಟ್ರು, ಮಾರಾಟ ಆಗಿ ಹೋದ ಅವ್ವ, ಮಗಳು, ತಮ್ಮ ಎಲ್ಲ್ಯಾರ ಇದ್ರ ತಿಳಿಸ್ರಿ ಅಂತ, ಯಾವ ಮಾಲಕನ ಹತ್ರ ಇದ್ರು, ಯಾರು ಕೊಂಡ, ಯಾವ ಊರಿಗಿ ಒಯ್ದ, ನೆನಪಿದ್ದಷ್ಟು ಬರ್ದು. ನಾಲ್ಕೈದು ಸಾಲು ಅಷ್ಟೇ ಇರ್ತಾವ. ಇಂಗ್ಲಿಷ್ ಕಮ್ಮಿ ಬರೋ ಹುಡುಗರಿಗಿ ನಾ ಮೊದ್ಲು ಇವನ್ನೇ ಕೊಡ್ತೀನಿ, ಸಣ್ಣ ವಾಕ್ಯ, ಹೆಸರು, ಊರು, ಓದ್ಲಾಕ ಬರ್ತದ. ಒಂದು ಜಾಹೀರಾತು ತಗೊಂಡು ಅದರಾಗಿನ ಊರೆಲ್ಲ ನಕಾಶೆಯಾಗ ಗುರುತು ಹಾಕ್ರಿ ಅಂತ ಹೇಳ್ತೀನಿ, ಗೂಗಲ್ ಮ್ಯಾಪ್‌ನಾಗೇ ಆಗ್ತದ. ಒಂದು ಮನಿ ಮಂದಿ ಎಷ್ಟು ನೂರು ಮೈಲು ಚದುರಿ ಹೋಗ್ಯಾರ ಅಂತ ಕಣ್ಣಿಗಿ ಕಾಣ್ತದ.

ಫೋಟೋದ ಬಗ್ಗೆ ಜಾಸ್ತಿ ಹೇಳಲ್ಲ. 1930ರ ದಶಕದ ಬಡತನದ್ದು ಸರ್ಕಾರ ಒಂದು ಯೋಜನಾದಾಗ ತೆಗೆಸಿದ ಫೋಟೋ ಲೈಬ್ರರಿ ಆಫ್ ಕಾಂಗ್ರೆಸ್‌ನಾಗ ಲಕ್ಷದ ಮ್ಯಾಲ ಅವ, ಡೊರೊಥಿಯಾ ಲ್ಯಾಂಜ್ 1936ರಾಗ ಕ್ಯಾಲಿಫೋರ್ನಿಯಾದ ನಿಪೋಮೋದಾಗ ತೆಗ್ದ ತಾಯಿ ಮಕ್ಕಳ ಫೋಟೋ ನೀವು ಎಲ್ಲ್ಯಾರ ನೋಡಿರ್ತೀರಿ. ಅದೊಂದೇ ನೋಡಿ ಬಿಡಬ್ಯಾಡ್ರಿ, ಅದೇ ತಾಯಿದು ಅವತ್ತೇ ತೆಗ್ದ ಬ್ಯಾರೆ ಫೋಟೋನೂ ಅಲ್ಲೇ ಅವ, ಹಿಂದ ಟೆಂಟ್ ಕಾಣ್ತದ, ಪೆಟಾರಿ ಕಾಣ್ತದ. ಕೆಲವು ಫೋಟೋದ ನಡುವ ಕರೀ ಗುಂಡನ್ನ ತೂತು ಇರ್ತದ, ಆ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಇದು ಬ್ಯಾಡ ಅಂತ ನೆಗೆಟಿವ್ ಮ್ಯಾಲ ಪಂಚ್ ಹೊಡೆಸಿದ್ದು. ಯಾವ್ದು ಆರಿಸಿದ್ರು, ಯಾವ್ದಕ್ಕ ತೂತು ಹಾಕಿದ್ರು ಅಂತ ಎರಡೂ ಇಟ್ಟು ನೋಡ್ರಿ.

ಕೈಬರಹ ಓದೋದು ಸುರುವಿಗಿ ತ್ರಾಸು. ಮೊದ್ಲು ಟೈಪ್ ಮಾಡಿದ ಪ್ರತಿ ಇರೋ ಪತ್ರನೇ ಆರಿಸ್ರಿ, ಎಡಕ್ಕ ಫೋಟೋ ಬಲಕ್ಕ ಟೈಪು ಇಟ್ಕೊಂಡು ಓದ್ರಿ, ಒಂದೇ ಮನಷ್ಯಾನ ನಾಲ್ಕು ಪತ್ರ ಓದಿದ್ರ ಅವನ ಅಕ್ಷರ ಕಣ್ಣಿಗಿ ಕೂಡ್ತದ. ಲೈಬ್ರರಿ ಆಫ್ ಕಾಂಗ್ರೆಸ್ 2018ರಿಂದ ಬೈ ದ ಪೀಪಲ್ ಅಂತ ನಡೆಸ್ಲಾಕತ್ತದ, ಯಾರು ಬೇಕಾದವರು ಕುಂತು ಹಳೀ ಕೈಬರಹ ಓದಿ ಟೈಪ್ ಮಾಡಿ ಕೊಡಬಹುದು, ನಮ್ಮ ಹುಡುಗರೂ ಕೆಲವರು ಮಾಡ್ಯಾರ. ಇಂಗ್ಲಿಷ್ ತಿಳೀದಿದ್ರ ಟೈಪ್ ಮಾಡಿದ ಭಾಗ ಗೂಗಲ್ ಟ್ರಾನ್ಸ್‌ಲೇಟ್‌ನಾಗ ಹಾಕಿ ಮೊದ್ಲು ಒಟ್ಟು ಸಾರ ತಿಳ್ಕೊಳ್ರಿ, ಆದ್ರ ಬರಿಯೋವಾಗ ಅದರ ಮ್ಯಾಲ ಭಾರ ಹಾಕಬ್ಯಾಡ್ರಿ, ಹಳೀ ಇಂಗ್ಲಿಷಿಗಿ ಅದು ಭಾಳ ಸಲ ಉಲ್ಟಾ ಅರ್ಥ ಕೊಡ್ತದ. ಡೌನ್‌ಲೋಡ್ ಮಾಡೋವಾಗ ಜೆಪೆಗ್ ಆರಿಸ್ರಿ, ಟಿಫ್ ಅಂತ ಇರ್ತದಲ್ಲ ಅದು ಒತ್ತಿದ್ರ ದಿನದ ಡೇಟಾ ಒಂದೇ ಫೋಟೋಕ್ಕ ಹೋಗ್ತದ.

ಮತ್ತ ಬರ್ಕೋರಿ. ಸ್ಕ್ರೀನ್‌ಶಾಟ್ ತೆಗ್ದು ಗ್ಯಾಲರಿಯಾಗ ಬಿಟ್ರ ಎರಡು ತಿಂಗಳಿಗಿ ಅದು ಯಾವುದು, ಎಲ್ಲಿಂದು ಒಂದೂ ತಿಳಿಯಲ್ಲ. ಒಂದು ನೋಟ್‌ಬುಕ್ ಇಡ್ರಿ, ಕಾಗದದ ಹೆಸರು, ಬರ್ದವರು, ತಾರೀಖು, ಸಂಗ್ರಹ, ಲಿಂಕ್, ನೀವು ನೋಡಿದ ದಿನ. ಅದರ ತೆಳಗ ಮೂರು ಪ್ರಶ್ನಾಕ್ಕ ಉತ್ತರ, ಇದನ್ನ ಯಾರು ಯಾರಿಗಿ ಅಂತ ಬರ್ದಾರ, ಬರಿಯೋವಾಗ ಅವರಿಗಿ ಏನು ಬೇಕಾಗಿತ್ತು, ಇದರಾಗ ಯಾರ ಮಾತು ಇಲ್ಲ. ಸೆಮಿನಾರಿಗೋ ಲೇಖನಕ್ಕೋ ಫೋಟೋ ಹಾಕಬೇಕಂದ್ರ ರೈಟ್ಸ್ ಅಂತ ಒಂದು ಸಾಲು ಇರ್ತದ, ಅದನ್ನ ಓದಿ ಹಾಕ್ರಿ.

ಆ ಶಹಾಪುರ ಹುಡುಗಿ ಈಗ ಫ್ರೀಡ್‌ಮೆನ್ಸ್ ಬ್ಯೂರೋ ಕಾಗದ ಓದ್ಲಾಕತ್ತಾಳ. 1865ರ ಮಾರ್ಚ್‌ನಾಗ ಸುರು ಆದ ಸರ್ಕಾರಿ ಇಲಾಖೆ ಅದು, ಬಿಡುಗಡಿ ಆದವರಿಗೂ ಹೊಲದ ಮಾಲಕರಿಗೂ ನಡುವ ಕೂಲಿ ಕರಾರು, ಪಾಲಿನ ಕರಾರು ಬರೆಸ್ತಿತ್ತು, ಅವೆಲ್ಲ ನ್ಯಾಷನಲ್ ಆರ್ಕೈವ್ಸ್‌ನಾಗ ಅವ, ಅಲ್ಲಿನ ಸ್ಮಿತ್‌ಸೋನಿಯನ್ ಮ್ಯೂಸಿಯಂದವರು ಹುಡುಕ್ಲಾಕ ಬರೋಹಂಗ ಮಾಡ್ಯಾರ. ಅಕಿ ಅಪ್ಪ ಬ್ಯಾರೆಯವರ ಹೊಲ ಪಾಲಿಗಿ ಮಾಡ್ತಾನ, ಹತ್ತಿ ಮತ್ತ ತೊಗರಿ. ರಜಾದಾಗ ಊರಿಗಿ ಹೋದಾಗ ಒಂದು ಕರಾರು ಕನ್ನಡದಾಗ ಹೇಳಿ ಅವನಿಗಿ ಕೇಳಿಸ್ಯಾಳ, ಬೆಳಿ ಬಂದ ಮ್ಯಾಲ ಕೆಲಸ ಮಾಡಿದವರಿಗಿ ಮೂರರಾಗ ಒಂದು ಪಾಲು ಅಂತ ಅದರಾಗ ಇತ್ತು. ಅವ ಪೂರಾ ಕೇಳಿ ಒಂದೇ ಮಾತು ಕೇಳಿದ್ನಂತ, ಬೀಜ ಯಾರದು, ಎತ್ತು ಯಾರದು. ಅಕಿಗಿ ಅದು ನೋಡೋದು ಹೊಳೆದೇ ಇದ್ದಿದ್ದಿಲ್ಲ, ನನಗೂ ಹೊಳೆದಿದ್ದಿಲ್ಲ. ಸೋಮವಾರ ಕ್ಲಾಸ್ ಮುಗಿದ ಮ್ಯಾಲ ಇಬ್ಬರೂ ಕುಂತು ಆ ಕಾಗದ ಮತ್ತ ದೊಡ್ಡದು ಮಾಡಿ ಮೊದಲನೇ ಸಾಲಿನಿಂದ ಓದಿದ್ವಿ. ಎತ್ತಿನ ಜಾಗಕ್ಕ ಅಲ್ಲಿ ಹೇಸರಗತ್ತಿ ಇತ್ತು, ಮಾಲಕಂದು.